ಕ್ಯಾನ್ಸರ್ ಬಂದರೆ ಅಕ್ಕಿಯನ್ನೇ ಬೈಯಬೇಕಾ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಸಿಂಧನೂರಿನ ಚಹಾದಂಗಡಿಗಳಲ್ಲಿ ಕ್ಯಾನ್ಸರ್ ಬಗ್ಗೆ ಕೇಳಿಬರುವುದು ಎರಡೇ ಮಾತು. ‘ಎಲ್ಲಾ ಔಷಧಿ ಹೊಡೆದ ಅಕ್ಕಿ, ಇನ್ನೇನಾಗುತ್ತದೆ’ ಅನ್ನುವವರು ಜಾಸ್ತಿ. ‘ವಯಸ್ಸಾದ ಮೇಲೆ ಏನಾದರೊಂದು ಬರಲೇಬೇಕು’ ಅನ್ನುವವರು ಉಳಿದವರು.

ವಯಸ್ಸಿನ ಮಾತು ಸುಳ್ಳಲ್ಲ. ಜೀವಕೋಶ ಒಂದು ಎರಡಾಗುವಾಗೆಲ್ಲ ಒಳಗಿನ ಡಿಎನ್‌ಎ ನಕಲಾಗಬೇಕು, ಆಗ ಅಲ್ಲೊಂದು ಇಲ್ಲೊಂದು ತಪ್ಪು ಉಳಿದುಬಿಡುತ್ತದೆ, ಹೆಚ್ಚು ವರ್ಷ ಬದುಕಿದಷ್ಟೂ ಆ ತಪ್ಪುಗಳು ಸೇರುತ್ತಾ ಹೋಗುತ್ತವೆ. ಸ್ವಾತಂತ್ರ್ಯ ಬಂದಾಗ ದೇಶದ ಸರಾಸರಿ ಆಯಸ್ಸು 32ರ ಆಸುಪಾಸು, ಈಗ 70ರ ಹತ್ತಿರ. ಕಾಲರಾ, ಪ್ಲೇಗಿಗೆ ಹೋದವರಿಗೆ ಕ್ಯಾನ್ಸರ್ ಬರಲು ಪುರುಸೊತ್ತಾದರೂ ಎಲ್ಲಿತ್ತು? ಬಂದರೂ ‘ಹೊಟ್ಟೆಯಲ್ಲಿ ಗಡ್ಡೆ’ ಅಂದು ಸುಮ್ಮನಾಗುತ್ತಿದ್ದರು.

ಆದರೆ ನಮ್ಮ ಓಣಿಯ ಹುಡುಗನಿಗೆ ಇನ್ನೂ 34. ಬಾಯಿಗೆ ಮೂರು ಬೆರಳು ಹೋಗಲ್ಲ, ಜೋಳದ ರೊಟ್ಟಿ ಚೂರು ಮಾಡಿ ಸಾರಿನಲ್ಲಿ ನೆನೆಸಿ ತಿನ್ನುತ್ತಾನೆ. ಹೀಗೇ ಬಿಟ್ಟರೆ ಕ್ಯಾನ್ಸರ್‌ಗೆ ತಿರುಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಜಗಿಯುವುದು ಗುಟ್ಕಾ, ಆದರೆ ಅವನೂ ಬೈಯುವುದು ಅಕ್ಕಿಯನ್ನೇ! ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು, ಅಲ್ವಾ? ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು, ಎರಡನ್ನೂ ಅಂಗಡಿಯವ ಜೊತೆಗೇ ಕೊಡುತ್ತಾನೆ, ತಿನ್ನುವವ ಬೆರೆಸಿಕೊಳ್ಳುತ್ತಾನೆ. ತಂಬಾಕು ಬಿಟ್ಟು ಬರೀ ಅಡಿಕೆ ಜಗಿದರೂ ಬಾಯಿ ಹೀಗೆ ಬಿಗಿಯುತ್ತದೆ. ಇದು ‘ಈಗಿನ ಕಾಲದ’ ಚಟ ಅನ್ನೋಣ ಅಂದರೆ, 400 ವರ್ಷದ ಹಿಂದೆ ಅಕ್ಬರನ ಆಸ್ಥಾನಕ್ಕೆ ತಂಬಾಕು ಹೋಗಿದ್ದೇ ನಮ್ಮ ಪಕ್ಕದ ವಿಜಾಪುರದಿಂದ.

ಹಾಗಂತ ಮುಖಕ್ಕೆ ಒಂದು ಬಟ್ಟೆಯನ್ನೂ ಕಟ್ಟದೆ ಗದ್ದೆಗೆ ಔಷಧಿ ಹೊಡೆಯಿರಿ ಅನ್ನುತ್ತಿಲ್ಲ. ನಮ್ಮ ಜಿಲ್ಲೆಯ ಕೆಲವು ಕಡೆ ಅಂತರ್ಜಲದಲ್ಲಿ ಆರ್ಸೆನಿಕ್ ಕೂಡ ಸಿಕ್ಕಿದೆ, ವರ್ಷಗಟ್ಟಲೆ ಅಂಥ ನೀರು ಕುಡಿದರೆ ಚರ್ಮ, ಮೂತ್ರಕೋಶ, ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಅದು ಚಿನ್ನದ ಸೀಮೆಯ ಬಂಡೆಯೊಳಗೇ ಇರುವ ವಿಷ. ಬಂಡೆ ಹಳೆಯದು, ಬೋರ್‌ವೆಲ್ ಹೊಸದು, ಯಾರನ್ನು ಬೈಯೋಣ?

30 ದಾಟಿದವರ ಬಾಯಿ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ, ಪುಕ್ಕಟೆ. ನನಗಂತೂ ಬಿಪಿ, ಶುಗರ್ ನೋಡಿ ಕಳಿಸಿದರು, ‘ಬಾಯಿ ತೆಗಿ’ ಅಂತ ಯಾರೂ ಅನ್ನಲಿಲ್ಲ. ಭತ್ತದ ಸುಗ್ಗಿಯಲ್ಲಿ ಎಪಿಎಂಸಿ ಅಂಗಳದಲ್ಲಿ ಒಂದು ಟೇಬಲ್, ಒಂದು ಟಾರ್ಚ್ ಇಟ್ಟುಕೊಂಡು ಕುಳಿತರೆ ಎಷ್ಟು ಹಮಾಲರ, ಡ್ರೈವರ್‌ಗಳ ಬಾಯಿ ನೋಡಬಹುದು!

ಪತ್ರ ಹಾಕುವುದಾದರೆ ಒಂದು ವಿನಂತಿ. ಪಾನ್ ಮಸಾಲಾ ಹೆಸರಿನ ಏಲಕ್ಕಿ ಜಾಹೀರಾತು ಬರುತ್ತದಲ್ಲ, ಅದರ ಪಕ್ಕದಲ್ಲಿ ಮಾತ್ರ ಬೇಡ.

— ಒಬ್ಬ ಓದುಗ, ಸಿಂಧನೂರು, ರಾಯಚೂರು ಜಿಲ್ಲೆ