ಹೆಸರಿಲ್ಲದ ಕಾವಲಿಗೂ ಊರಿದೆ

ಮಾನ್ಯ ಸಂಪಾದಕರೇ,

ನಾನ್‌ಸ್ಟಿಕ್ ಬಿಟ್ಟು ಬೀಡು ಕಬ್ಬಿಣದ ಕಾವಲಿಗೆ ಮರಳುವವರು ನಮ್ಮೂರು ಸಾಗರದ ಕಡೆಯೂ ಹೆಚ್ಚುತ್ತಿದ್ದಾರೆ, ಸಂತೋಷ. ಅದರ ಜೊತೆಗೇ ಯಾವ ಗುರುತೂ ಇಲ್ಲದ ಕಾವಲಿಯನ್ನು ‘ನೂರು ವರ್ಷ ಹಳೆಯದು’ ಎಂದು ಮಾರುವವರೂ ಹುಟ್ಟಿಕೊಂಡಿದ್ದಾರೆ. ಹೆಸರು ಅಚ್ಚಾಗಿಲ್ಲದ ಮೇಲೆ ಯಾರು ಏನು ಹೇಳಿದರೂ ನಂಬಲೇಬೇಕು ಎಂದೇನಿಲ್ಲ. ಅದನ್ನು ಹೇಳಲೆಂದೇ ಈ ಪತ್ರ.

ನಾನಿರುವುದು ಅಮೆರಿಕದ ಓಹಿಯೊ ರಾಜ್ಯದ ಡೇಟನ್‌ನಲ್ಲಿ. ಇಲ್ಲಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು ಒಂದು ಗಂಟೆಯ ದಾರಿಯಲ್ಲಿ ಪಿಕ್ವಾ, ಸಿಡ್ನಿ, ವಾಪಕೊನೆಟಾ ಎಂಬ ಮೂರು ಊರುಗಳು ಸಿಗುತ್ತವೆ. ವಾಪಕೊನೆಟಾ ಚಂದ್ರನ ಮೇಲೆ ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಊರು. ಮೂರೂ ಊರುಗಳಲ್ಲಿ ಒಂದು ಕಾಲಕ್ಕೆ ಬಾಣಲೆ, ಕಾವಲಿ ಎರಕ ಹೊಯ್ಯುತ್ತಿದ್ದರು. ಸಿಡ್ನಿಯ ವ್ಯಾಗ್ನರ್ ಕಂಪನಿ 1891ರಲ್ಲಿ ಶುರುವಾದದ್ದು. ಇಂಥ ಕಂಪನಿಗಳು ಹೆಸರು ಹಾಕದೆಯೂ ಬೇಕಾದಷ್ಟು ಮಾಲು ಮಾರಿವೆ, ಹಳೆ ಸಾಮಾನಿನ ಸಂತೆಗಳಲ್ಲಿ ಇವತ್ತಿಗೂ ಸಿಗುತ್ತದೆ.

ಅಂಥದ್ದು ಕೈಗೆ ಬಂದರೆ ನಾನು ಮೊದಲು ಮಗುಚಿ ತಳ ನೋಡುತ್ತೇನೆ. ತಳದ ನಡುವೆ ಗಾಯ ಮಾಗಿದಂತೆ ಉದ್ದನೆಯ ಏಣು ಇದ್ದರೆ, ಕರಗಿದ ಕಬ್ಬಿಣವನ್ನು ತಳದ ಕಡೆಯಿಂದ ಹೊಯ್ದು, ಆರಿದ ಮೇಲೆ ಅಲ್ಲಿ ಉಳಿದ ತುಂಡನ್ನು ಮುರಿದಿದ್ದಾರೆ ಎಂದರ್ಥ. ಅದು ಹೆಚ್ಚಾಗಿ 19ನೇ ಶತಮಾನದ ಮಾಲು. ತಳದ ಅಂಚಿಗೆ ಸುತ್ತ ಎದ್ದ ಬಳೆಯಂಥ ಏಣಿದ್ದರೆ ಅದು ಸೌದೆ ಒಲೆಯ ಕಾಲದ ವಿನ್ಯಾಸ. ಆ ಬಳೆ ಮೂರು ಕಡೆ ಕಡಿದುಹೋಗಿದ್ದರೆ ಟೆನೆಸಿ ರಾಜ್ಯದ ಲಾಡ್ಜ್ ಕಂಪನಿಯದು ಎಂದು ಬಲ್ಲವರು ಹೇಳುತ್ತಾರೆ. ಹಿಡಿಯ ಮೇಲಿನ 8 ಎಂಬ ಅಂಕಿ ಇಂಚಿನ ಲೆಕ್ಕವಲ್ಲ, ಒಲೆಯ ಬಾಯಿಯ ಅಳತೆ. ‘ಮೇಡ್ ಇನ್ ಯುಎಸ್‌ಎ’ ಎಂದಿದ್ದರೆ ಸಾಮಾನ್ಯವಾಗಿ 1960ರ ಈಚಿನದು. ಅಡುಗೆ ಮಾಡುವ ಮೈ ಕೈಗೆ ನುಣ್ಣಗೆ ಹತ್ತಿದರೆ ಹಳೆಯದು ಎನ್ನಬಹುದು, ಆಮೇಲಿನವು ಹೆಚ್ಚಾಗಿ ತರಿತರಿ.

ಇನ್ನು ನಕಲು. ಹಳೆ ಕಾವಲಿಯನ್ನೇ ಅಚ್ಚಿಗೊತ್ತಿ ಹೊಸದು ಎರೆದರೆ, ಕಬ್ಬಿಣ ಆರುವಾಗ ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಅಂಕಿಗಳೂ ಮಸುಕಾಗುತ್ತವೆ. ಅಸಲಿನ ಪಕ್ಕ ಇಟ್ಟು ಟೇಪು ಹಿಡಿದರೆ ಗೊತ್ತಾಗುತ್ತದೆ.

ಕೊಂಡವರಲ್ಲಿ ಒಂದು ವಿನಂತಿ: ತುಕ್ಕು ತೆಗೆಯಲು ಗ್ರೈಂಡರ್ ಹಿಡಿಯಬೇಡಿ, ಗುರುತುಗಳೆಲ್ಲ ಅದರಲ್ಲೇ ಹೋಗುತ್ತವೆ. ಕೆಂಡಕ್ಕೂ ಎಸೆಯಬೇಡಿ, ತಳ ಸೊಟ್ಟಗಾಗುತ್ತದೆ. ಹಳೆಯ ಬಾಣಲೆಗಳಲ್ಲಿ ಬಂದೂಕಿನ ಗುಂಡಿಗಾಗಿ, ಗಾಳದ ತೂಕಕ್ಕಾಗಿ ಸೀಸ ಕರಗಿಸಿದ್ದೂ ಉಂಟು. ಮೂಲ ಗೊತ್ತಿಲ್ಲದ್ದನ್ನು ಸೀಸದ ಪರೀಕ್ಷೆ ಮಾಡಿಸದೆ ಒಲೆಗೇರಿಸಬಾರದು.

ಇಲ್ಲಿನವರು ಇಷ್ಟೆಲ್ಲ ತಿಳಿದದ್ದು ಹೆಸರಿದ್ದ ಬಾಣಲೆಯ ಪಕ್ಕ ಹೆಸರಿಲ್ಲದ್ದನ್ನು ಇಟ್ಟು ಹಿಡಿ, ತೂತು, ಅಂಕಿಯ ಬಾಗು ಹೋಲಿಸಿ ಬರೆದಿಟ್ಟದ್ದರಿಂದ. ಡೇನಿಷ್ ಜನರ ಏಬಲ್‌ಸ್ಕೀವರ್ ಎಂಬ ಪಡ್ಡಿನಂಥ ತಿಂಡಿ ಸುಡಲು ಗ್ರಿಸ್ವೋಲ್ಡ್ ಕಂಪನಿ ಎರೆದ ಏಳು ಗುಳಿಯ ಕಾವಲಿಯಲ್ಲಿ ನಾನು ಪಡ್ಡು ಹುಯ್ಯುತ್ತೇನೆ. ಅದನ್ನು ಪೆನ್ಸಿಲ್ವೇನಿಯದ ಎರಿ ಊರಿನಲ್ಲಿ ಮಾಡಿದ್ದೆಂದು ಹೇಳಬಲ್ಲೆ. ಅಮ್ಮನ ಗುಳಿಯಪ್ಪದ ಕಾವಲಿ ಸಾಗರದ ಮಾರಿಜಾತ್ರೆಯಲ್ಲಿ ಕೊಂಡದ್ದು. ಎರಕ ಯಾವ ಊರಿನದು ಎಂದು ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ತಮ್ಮ ಪತ್ರಿಕೆ ಓದುಗರಿಂದ ಹಳೆ ಕಾವಲಿಗಳ ತಳದ ಚಿತ್ರ ತರಿಸಿಕೊಂಡು ಪ್ರಕಟಿಸಬೇಕು. ಯಾವ ಜಾತ್ರೆ, ಯಾವ ಅಂಗಡಿ, ಅಂದಾಜು ಯಾವ ಇಸವಿ ಎಂಬುದೂ ಜೊತೆಗಿರಲಿ. ಕೊಂಡದ್ದನ್ನು ನೆನಪಿಟ್ಟ ಅಜ್ಜಿಯರು ಇರುವಾಗಲೇ ಈ ಕೆಲಸ ಆಗಬೇಕು.

— ಸಾಗರ ಮೂಲದ ಓದುಗಿ, ಡೇಟನ್, ಓಹಿಯೊ