ಡೆಕ್‌ನ ದರಪಟ್ಟಿ ಇನ್ನು 60 ದಿನಕ್ಕಲ್ಲ, 10 ದಿನಕ್ಕೆ

ಆತ್ಮೀಯ ಗ್ರಾಹಕರೇ,

ಇಲ್ಲಿ ಅಮೆರಿಕದಲ್ಲಿ ಡೆಕ್, ಅಂದರೆ ಮನೆಗೆ ತಾಗಿಸಿ ಕಟ್ಟುವ ಮರದ ಜಗಲಿ, ಕಟ್ಟಿಕೊಡಲು ಇಷ್ಟು ವರ್ಷ ನಾವು ಕೊಟ್ಟ ದರಪಟ್ಟಿ 60 ದಿನ ಊರ್ಜಿತವಾಗಿರುತ್ತಿತ್ತು. ಮನೆಮಂದಿಯೆಲ್ಲ ಕೂತು ಮಾತಾಡಿ, ಸಾಲ ಬೇಕಿದ್ದರೆ ವಿಚಾರಿಸಿ, ಇನ್ನೊಬ್ಬರ ದರವನ್ನೂ ಕೇಳಿ ಬರಲು ಅಷ್ಟು ಸಮಯ ಬೇಕೇ ಬೇಕು. ಆದರೂ ಆಮದು ಸುಂಕದಿಂದಾಗಿ ಮರ ಮತ್ತು ಲೋಹದ ಬೆಲೆ ಏರುತ್ತಿರುವುದರಿಂದ ಇನ್ನು ಮುಂದೆ ಅದನ್ನು 10 ದಿನಕ್ಕೆ ಇಳಿಸುತ್ತಿದ್ದೇವೆ. ಮರ, ಲೋಹ, ಕೂಲಿ ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡುತ್ತೇವೆ. ನೀವು ಸಹಿ ಹಾಕಿದ ವಾರದಲ್ಲೇ ನಿಮ್ಮ ಡೆಕ್‌ನ ಸಾಮಾನು ಕೊಂಡು ಇಡುತ್ತೇವೆ. ಮುಂಗಡದ ಮೊತ್ತ ಹಿಂದಿನಷ್ಟೇ. ಸಹಿಯಾದ ಮೇಲೆ ಸುಂಕ ಎಷ್ಟೇ ಏರಲಿ, ಬರೆದುಕೊಟ್ಟ ದರಕ್ಕೆ ಒಂದು ಡಾಲರ್ ಕೂಡ ಸೇರಿಸುವುದಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ. ನಿಮಗೆ ಮಾತ್ರ ಲೆಕ್ಕ ಒಪ್ಪಿಸಬೇಕು.

ಅಮೆರಿಕ ಬಳಸುವ ಮೆದುಮರದಲ್ಲಿ (ಪೈನ್, ಸೀಡರ್‌ನಂಥ ಮರ) ಸುಮಾರು ಕಾಲು ಭಾಗ ಕೆನಡಾದಿಂದ ಬರುತ್ತದೆ. ಎರಡು ದೇಶಗಳ ನಡುವಿನ ಈ ಮರದ ಜಗಳ 1980ರ ದಶಕದಿಂದಲೂ ನಡೆದಿದೆ. 2006ರ ಒಪ್ಪಂದ 2015ರಲ್ಲಿ ಮುಗಿಯಿತು, 2017ರಲ್ಲಿ ಸುಂಕ ಮರಳಿ ಬಂತು. ಹೆಚ್ಚಿನ ಕೆನಡಾ ಗಿರಣಿಗಳ ಮರದ ಮೇಲೆ ಸುಮಾರು 14% ಇದ್ದ ಸುಂಕ 2025ರ ಆಗಸ್ಟ್‌ನಲ್ಲಿ ಸುಮಾರು 35% ಆಯಿತು. ಅಕ್ಟೋಬರ್ 14ರಿಂದ ಅದರ ಮೇಲೆ ಇನ್ನೂ 10% ಸೇರಿತು. ಹಲವರು ಇಷ್ಟಪಟ್ಟು ಕೇಳುವ ಕೆಂಪು ಸೀಡರ್ ಕೂಡ ಇದರೊಳಗೇ ಬರುತ್ತದೆ.

ನಾವು ಜಂತೆ ಮತ್ತು ಕಂಬಗಳಿಗೆ ಬಳಸುವುದು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೇ ಬೆಳೆಯುವ ಹಳದಿ ಪೈನ್. ಅದಕ್ಕೆ ಸುಂಕವಿಲ್ಲ. ಆದರೆ ಕೆನಡಾದ ಮರ ದುಬಾರಿಯಾದಾಗ ಕೊಳ್ಳುವವರು ಪೈನ್‌ನತ್ತ ಹೊರಳುತ್ತಾರೆ, ಅದರ ಬೆಲೆಯೂ ಏರತೊಡಗುತ್ತದೆ.

ಲೋಹದ ಕಥೆ ಇನ್ನೂ ಬಿರುಸು. ಬಹುತೇಕ ದೇಶಗಳಿಂದ ಆಮದಾಗುವ ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ 2025ರ ಮಾರ್ಚ್‌ನಲ್ಲಿ 25% ಇದ್ದ ಸುಂಕ ಜೂನ್ 4ರಂದು 50% ಆಯಿತು. ಹಾಗೆಂದು ಅಂಗಡಿಯ ಬೆಲೆ ಒಂದೂವರೆ ಪಟ್ಟಾಗಬೇಕಿಲ್ಲ. ಸುಂಕ ಕಟ್ಟುವವರು ಆಮದುದಾರರು, ಅದು ಬೀಳುವುದು ಗಡಿಯಲ್ಲಿ ಘೋಷಿಸಿದ ಬೆಲೆಯ ಮೇಲೆ. ಗಡಿಯಲ್ಲಿ 10 ಡಾಲರ್ ಇದ್ದು ಅಂಗಡಿಯಲ್ಲಿ 25ಕ್ಕೆ ಮಾರಾಟವಾಗುವ ಒಂದು ಸಾಮಾನನ್ನು ಊಹಿಸಿಕೊಳ್ಳಿ: ಸೇರುವ ಸುಂಕ 5 ಡಾಲರ್, ಅಂದರೆ ಹಳೆಯ ಬೆಲೆಯ ಐದನೇ ಒಂದು ಭಾಗ. ಅದಕ್ಕಿಂತ ಬಹಳ ಹೆಚ್ಚು ಏರಿಸಿ ಸುಂಕದ ಹೆಸರು ಹೇಳುವವರಿದ್ದರೆ ಧಾರಾಳವಾಗಿ ಪ್ರಶ್ನಿಸಿ, ನಮ್ಮನ್ನೂ ಬಿಡಬೇಡಿ. ದರಪಟ್ಟಿಯಲ್ಲಿ ಲೋಹಕ್ಕೆ ಬೇರೆ ಸಾಲು ಕೊಟ್ಟಿರುವುದು ಅದಕ್ಕಾಗಿಯೇ.

ಖರ್ಚು ಇಳಿಸಲು ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ವಿಷಯದಲ್ಲಿ ನಮಗೆ ಗಟ್ಟಿ ನಿಲುವಿದೆ. 12 ಅಡಿಗೆ 16 ಅಡಿಯ ಒಂದು ಡೆಕ್ ತೆಗೆದುಕೊಳ್ಳಿ. ಗೋಡೆಯ ಬದಿ ಬಿಟ್ಟರೆ ಮೂರು ಬದಿಗೆ 40 ಅಡಿ ರೇಲಿಂಗ್ ಬೇಕು. ಅಲ್ಯೂಮಿನಿಯಂ ರೇಲಿಂಗ್ ಆದರೆ ಸುಂಕದ ಪೆಟ್ಟು ಹೆಚ್ಚಾಗಿ ಬೀಳುವುದು ಅಲ್ಲೇ. ಅದರ ಬದಲು ಮರದ ರೇಲಿಂಗ್ ಹಾಕಬಹುದು. ನೆಲದ ಏರಿಳಿತ ಅನುಕೂಲವಾಗಿದ್ದರೆ ಬಾಗಿಲಿನಿಂದ ಮೆಟ್ಟಿಲಿಳಿಸಿ ಡೆಕ್ ಅನ್ನೇ ತಗ್ಗಿಸಬಹುದು. ಅದು ನೆಲದಿಂದ 30 ಇಂಚಿಗಿಂತ ಕೆಳಗಿದ್ದರೆ ಇಲ್ಲಿನ ಊರುಗಳು ಆಧಾರವಾಗಿಟ್ಟುಕೊಳ್ಳುವ ಮಾದರಿ ಕಟ್ಟಡ ಸಂಹಿತೆ ರೇಲಿಂಗ್ ಕಡ್ಡಾಯ ಮಾಡುವುದಿಲ್ಲ. ನಿಮ್ಮ ಊರಿನ ನಿಯಮವನ್ನು ನಾವೇ ವಿಚಾರಿಸಿ ಹೇಳುತ್ತೇವೆ. ಮನೆಯಲ್ಲಿ ಪುಟ್ಟ ಮಕ್ಕಳೋ ವಯಸ್ಸಾದವರೋ ಇದ್ದರೆ ಆ ಉಳಿತಾಯ ಬೇಡ ಎಂದೇ ನಮ್ಮ ಸಲಹೆ.

ಕೈ ಹಾಕಬಾರದ್ದು ಕಣ್ಣಿಗೆ ಕಾಣದ ಲೋಹಕ್ಕೆ. ಮನೆಬಳಕೆಯ ಮರ ಕೊಳೆಯದಂತೆ ಅದಕ್ಕೆ ಆರ್ಸೆನಿಕ್ ಬೆರೆತ ಸಂರಕ್ಷಕ ಹಾಕುವುದನ್ನು 2003ರ ಕೊನೆಗೆ ಇಲ್ಲಿ ಕೈಬಿಡಲಾಯಿತು. ಅನಂತರ ಬಂದ, ತಾಮ್ರ ಹೆಚ್ಚಿರುವ ಸಂರಕ್ಷಕಗಳು ಮರವನ್ನು ಕಾಪಾಡುತ್ತವೆ, ಸಾಧಾರಣ ಉಕ್ಕನ್ನು ತಿನ್ನುತ್ತವೆ. ಆದ್ದರಿಂದ ಜಂತೆ ಹಿಡಿಯುವ ಹ್ಯಾಂಗರ್‌ಗಳಿಗೆ, ಮೊಳೆಗಳಿಗೆ ದಪ್ಪ ಸತುವಿನ ಲೇಪ ಇರಲೇಬೇಕು. ಸಮುದ್ರದ ಹತ್ತಿರ ಸ್ಟೇನ್‌ಲೆಸ್ ಉಕ್ಕೇ ಬೇಕು. ಡೆಕ್ ಕುಸಿದ ಎಷ್ಟೋ ಪ್ರಕರಣಗಳಲ್ಲಿ ಮೊದಲು ಕಳಚಿಕೊಂಡಿದ್ದು ಮನೆಯ ಗೋಡೆಗೆ ಬಿಗಿದ ಹಲಗೆ. ಅಲ್ಲಿನ ಬೋಲ್ಟ್‌ಗಳ ಸಂಖ್ಯೆಯನ್ನು ಯಾವ ಸುಂಕ ಬಂದರೂ ಕಡಿಮೆ ಮಾಡುವುದಿಲ್ಲ. ಹಾಗೆ ಕಡಿಮೆ ಮಾಡಿ ಅಗ್ಗಕ್ಕೆ ಕಟ್ಟಿಕೊಡಿ ಎಂದರೆ ಆ ಕೆಲಸವನ್ನು ನಾವು ಒಪ್ಪಿಕೊಳ್ಳುವುದಿಲ್ಲ.

ಮೊದಲೇ ಕೊಂಡಿಡುವ ಮರದ ಬಗ್ಗೆ ಒಂದು ಮಾತು. ಸಂರಕ್ಷಕ ಕುಡಿದ ಪೈನ್ ಹಸಿಯಾಗಿಯೇ ಬರುತ್ತದೆ, ಬಿಸಿಲಿಗೆ ಬಿಟ್ಟರೆ ತಿರುಚಿಕೊಳ್ಳುತ್ತದೆ. ಅದಕ್ಕಾಗಿ ಸೂರಿನಡಿ ಜಾಗ ಮಾಡಿದ್ದೇವೆ, ನಡುವೆ ಗಾಳಿಯಾಡುವಂತೆ ಪಟ್ಟಿ ಕೊಟ್ಟು ಅಟ್ಟಿ ಕಟ್ಟುತ್ತೇವೆ. ನಿಮ್ಮ ಮರವನ್ನು ಯಾವ ದಿನ ಬೇಕಾದರೂ ಬಂದು ನೋಡಬಹುದು.

ಈಗಾಗಲೇ ನಿಮ್ಮ ಕೈಯಲ್ಲಿರುವ 60 ದಿನದ ದರಪಟ್ಟಿಗಳನ್ನು ಅವುಗಳಲ್ಲಿ ಬರೆದ ಕೊನೆಯ ದಿನದವರೆಗೂ ಹಾಗೆಯೇ ನಡೆಸಿಕೊಡುತ್ತೇವೆ. 10 ದಿನದಲ್ಲಿ ತೀರ್ಮಾನಿಸಲು ಆಗದಿದ್ದರೆ ಒಂದು ಕರೆ ಮಾಡಿ. ಅಂದಿನ ಬೆಲೆಗೆ ಹೊಸ ಪಟ್ಟಿ ಮಾಡಿಕೊಡುತ್ತೇವೆ, ಅದಕ್ಕೆ ಶುಲ್ಕವಿಲ್ಲ.

ಇತಿ ನಿಮ್ಮ ವಿಶ್ವಾಸದ,
ಡೆಕ್ ಕಟ್ಟುವ ಬಳಗ