ಸ್ವಿಚ್ ಆಫ್ ಆಗಿತ್ತು, ಕರೆಂಟ್ ಆಫ್ ಆಗಿರಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಹಾಲ್‌ನ ಸೀಲಿಂಗ್ ಲೈಟ್ ಕೆಟ್ಟಿತು. ಚೌಕದ ಎಲ್‌ಇಡಿ ಪ್ಯಾನಲ್, 15 ವ್ಯಾಟ್‌ನದು. ಎರಡು ಮೂರು ದಿನ ಮಿಣಮಿಣ ಅಂದು ಆಮೇಲೆ ಪೂರ್ತಿ ನಿಂತೇ ಹೋಯಿತು. ಫ್ಯಾನ್ ತಿರುಗುತ್ತಿತ್ತು, ಪಕ್ಕದ ಲೈಟ್ ಉರಿಯುತ್ತಿತ್ತು. ಹಾಗಾಗಿ ತೊಂದರೆ ಇದೊಂದರಲ್ಲೇ ಅಂತ ಗೊತ್ತಾಯಿತು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ "ಸಾರ್, ಫಿಟ್ಟಿಂಗೇ ಬದಲಾಯಿಸಬೇಕು, ಭಾನುವಾರ ಬರ್ತೀನಿ" ಅಂದರು. ಅಲ್ಲಿವರೆಗೆ ಯಾರು ಕಾಯ್ತಾರೆ ಅಂತ ನಾನೇ ಸ್ಟೂಲ್ ಹತ್ತಿದೆ.

ಸ್ವಿಚ್ ಆಫ್ ಮಾಡಿಯೇ ಹತ್ತಿದ್ದು. ಪ್ಯಾನಲ್ ಕೆಳಗೆಳೆದು, ಕನೆಕ್ಟರ್ ಬಿಚ್ಚುವ ಮುಂಚೆ ಸುಮ್ನೆ ಒಂದು ಸಲ ಟೆಸ್ಟರ್ ಇಟ್ಟೆ. ಟೆಸ್ಟರ್ ಉರಿಯಿತು! ಕೆಳಗೆ ಇಳಿದು ಆ ಲೈನಿನ ಎಂಸಿಬಿ, ಅಂದರೆ ಮೇನ್ ಬೋರ್ಡಿನಲ್ಲಿ ಆ ಲೈನಿಗೆ ಕರೆಂಟ್ ಕತ್ತರಿಸುವ ಸ್ವಿಚ್, ಇಳಿಸಿ ಮತ್ತೆ ನೋಡಿದೆ, ಆಗಲೂ ಉರಿಯಿತು. ಒಂದು ನಿಮಿಷ ಏನೂ ತೋಚಲಿಲ್ಲ. ಆಮೇಲೆ ಫ್ಯಾನ್ ಇನ್ನೂ ತಿರುಗುತ್ತಾ ಇರುವುದು ಕಣ್ಣಿಗೆ ಬಿತ್ತು. ಎಂಸಿಬಿ ಇಳಿಸಿದ ಕೂಡಲೇ ಇನ್ವರ್ಟರ್, ಕರೆಂಟ್ ಹೋಯ್ತು ಅಂದುಕೊಂಡು ತನ್ನ ಕೆಲಸ ಶುರು ಮಾಡಿತ್ತು. ಅದೂ 230 ವೋಲ್ಟೇ ಕೊಡುವುದು, ಬ್ಯಾಟರಿಯದಲ್ವಾ ಅಂತ ಸಸಾರ ಮಾಡುವಂತಿಲ್ಲ. ಎಂಸಿಬಿ, ಇನ್ವರ್ಟರ್ ಎರಡನ್ನೂ ಆಫ್ ಮಾಡಿದ ಮೇಲೆಯೇ ಟೆಸ್ಟರ್ ಆರಿದ್ದು.

ಲೈಟ್ ಕೆಟ್ಟ ಕಾರಣ ಏನೂ ದೊಡ್ಡದಲ್ಲ. ಪ್ಯಾನಲ್‌ನ ಹಿಂದೆ ಡ್ರೈವರ್ ಅಂತ ಒಂದು ಪುಟ್ಟ ಡಬ್ಬಿ ಇರುತ್ತದೆ, ಮನೆಯ ಕರೆಂಟನ್ನು ಎಲ್‌ಇಡಿಗೆ ಬೇಕಾದ ಡಿಸಿ ಮಾಡುವುದು ಅದರ ಕೆಲಸ. ಬಿಸಿಗೆ ಒಳಗಿನ ಕೆಪಾಸಿಟರ್ ಸೋತರೆ ಮೊದಲು ಮಿಣುಕುತ್ತದೆ, ಆಮೇಲೆ ಸಾಯುತ್ತದೆ. ಹಳೆಯ ಡ್ರೈವರ್ ಮೇಲೆ ಬರೆದಿದ್ದ ವೋಲ್ಟು, ಮಿಲಿ ಆಂಪಿಯರ್ ಅಂಗಡಿಯಲ್ಲಿ ತೋರಿಸಿ ಅಂಥದ್ದೇ ತಂದು ಹಾಕಿದೆ. ನೂರು ಚಿಲ್ಲರೆ ರೂಪಾಯಿ. ಪ್ಯಾನಲ್ ಚೆನ್ನಾಗಿಯೇ ಇತ್ತು, ಎಸೆದಿದ್ದರೆ ದಂಡವಾಗುತ್ತಿತ್ತು.

ಆದರೆ ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕಲ್ಲ. ಸ್ವಿಚ್ ಆಫ್ ಇದ್ದರೂ ಮೇಲೆ ಕರೆಂಟ್ ಯಾಕಿತ್ತು? ಭಾನುವಾರ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿ ನೋಡಿದರು. ಎರಡು ವರ್ಷದ ಹಿಂದೆ ಇನ್ವರ್ಟರ್ ಕೂರಿಸಿದಾಗ ಹಾಲ್‌ಗೆ ಹೋಗುವ ಫೇಸ್ (ಕರೆಂಟ್ ತರುವ ವೈರ್), ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರ್) ಅದಲುಬದಲಾಗಿವೆ. ಅಂದರೆ ಸ್ವಿಚ್ ಕತ್ತರಿಸುತ್ತಿದ್ದುದು ನ್ಯೂಟ್ರಲ್ಲನ್ನು. ಫೇಸ್ ಹಗಲೂ ರಾತ್ರಿ ಲೈಟಿನ ತುದಿಯಲ್ಲೇ ಕೂತಿತ್ತು. ಸ್ವಿಚ್ ಫೇಸ್‌ನಲ್ಲೇ ಇರಬೇಕು ಅನ್ನುವುದು ಐಎಸ್ 732 ಅನ್ನುವ ವೈರಿಂಗ್ ಸಂಹಿತೆಯಲ್ಲೇ ಇದೆ, ಹೊಸದೇನಲ್ಲ.

ನಾಚಿಕೆಯ ವಿಷಯ ಅಂದರೆ ಸೂಚನೆ ಮೊದಲೇ ಸಿಕ್ಕಿತ್ತು. ಇನ್ವರ್ಟರ್ ಬಂದಾಗಿನಿಂದ ಆ ಲೈಟ್ ಆಫ್ ಮಾಡಿದರೂ ರಾತ್ರಿ ಕತ್ತಲಲ್ಲಿ ಮಬ್ಬಾಗಿ ಉರಿಯುತ್ತಿತ್ತು. ಪೈಪಿನೊಳಗೆ ಅಕ್ಕಪಕ್ಕ ಹೋಗುವ ವೈರುಗಳ ನಡುವೆ ಚೂರುಪಾರು ಕರೆಂಟ್ ಸೋರಿದರೂ ಎಲ್‌ಇಡಿ ಮಿನುಗಲು ಅಷ್ಟು ಸಾಕು. ಹಳೆಯ ಬುರುಡೆ ಬಲ್ಬ್ ಆಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ನಾವೋ, ಪುಕ್ಕಟೆ ಜೀರೋ ಬಲ್ಬ್ ಸಿಕ್ಕಿತು ಅಂತ ಖುಷಿಪಟ್ಟೆವು. ಇಂಡಿಕೇಟರ್ ಇರುವ ಸ್ವಿಚ್‌ನಿಂದಲೂ ಹೀಗೆ ಮಬ್ಬು ಬೆಳಕು ಬರಬಹುದಂತೆ, ಅದಕ್ಕೇ ಬೆಳಕು ನೋಡಿ ತೀರ್ಮಾನ ಮಾಡದೆ ಗೊತ್ತಿರುವವರಿಂದ ಟೆಸ್ಟರ್ ಇಡಿಸಿ ನೋಡಬೇಕು.

ಹೊಸ ಮನೆಗೆ ಮೀಟರ್ ಬೇಕಾದರೆ ಲೈಸೆನ್ಸ್ ಇರುವ ಗುತ್ತಿಗೆದಾರರು ವೈರಿಂಗ್ ಪರೀಕ್ಷಿಸಿ ಸಹಿ ಹಾಕಿದ ವರದಿ ಕೊಡಬೇಕು. ಸರಿ. ಅದೇ ಮನೆಗೆ ನಾಲ್ಕು ವರ್ಷ ಬಿಟ್ಟು ಇನ್ವರ್ಟರ್ ಬಂದಾಗ? ಬ್ಯಾಟರಿ ಅಂಗಡಿಯ ಹುಡುಗ ಬರುತ್ತಾನೆ, ಮುಕ್ಕಾಲು ಗಂಟೆಯಲ್ಲಿ ವೈರ್ ಸೇರಿಸಿ, ಲೈಟ್ ಉರಿಸಿ ತೋರಿಸಿ, ಕಾಫಿ ಕುಡಿದು ಹೊರಡುತ್ತಾನೆ. ವೈರ್ ಹಿಂದುಮುಂದಾಗಿದ್ದರೂ ಲೈಟ್ ಉರಿಯುತ್ತದಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಹುಡುಗನನ್ನು ಬೈದು ಏನು ಪ್ರಯೋಜನ, ಅವನಿಗೆ ಹೇಳಿಕೊಟ್ಟವರು ಯಾರು?

ವಿದ್ಯುತ್ ಕಂಪನಿಗಳು ಕಂಬಕ್ಕೆ ಬಟ್ಟೆ ಒಣಗಿಸುವ ತಂತಿ ಕಟ್ಟಬೇಡಿ, ದನ ಕಟ್ಟಬೇಡಿ ಅಂತ ಎಚ್ಚರಿಸುತ್ತವೆ. ಬೇಕಾದ್ದೇ. ಜೊತೆಗೆ ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸಿದರೂ ಕರೆಂಟ್ ಇರುತ್ತದೆ ಅನ್ನುವ ಒಂದು ಸಾಲನ್ನೂ ಸೇರಿಸಲಿ. ಇನ್ವರ್ಟರ್ ಮಾರುವವರು ಕೂರಿಸಿದ ಮೇಲೆ ಪ್ರತಿ ಸ್ವಿಚ್ಚಿಗೆ ಫೇಸ್ ಬರುತ್ತಿದೆಯಾ ಅಂತ ಮನೆಯವರ ಎದುರೇ ಪರೀಕ್ಷಿಸಿ, ಬಿಲ್ ಮೇಲೆ ಬರೆದುಕೊಡುವ ನಿಯಮ ಬರಲಿ. ಹತ್ತು ನಿಮಿಷದ ಕೆಲಸ.

ಈಗ ನಮ್ಮ ವೈರ್ ಸರಿಯಾಗಿದೆ. ಜೀರೋ ಬಲ್ಬ್ ಹೋಯಿತು ಅಂತ ಮಗಳಿಗೆ ಮಾತ್ರ ಬೇಜಾರು.

ಇಂತಿ,
ನಿಮ್ಮ ಓದುಗ, ಹಾಸನ